ಮಾವನ ಕೋಣೆಯ ಮೇಲೊಂದು ತೋಟ

"ಮುಂದಿನ ಬೇಸಿಗೆ ಬರಲಿ, ನೋಡ್ತಾ ಇರು! ಈ ಬೀದಿ ಬಿಸಿಲನ್ನ ನಾನೊಬ್ಬನೇ ಇಳಿಸಿಬಿಡ್ತೀನಿ!"

ಊಟದ ಮೇಜನ್ನು ಗುದ್ದಿ ನಾನು ಹೀಗೆ ಘೋಷಿಸಿದ ರಭಸಕ್ಕೆ ಮಜ್ಜಿಗೆ ಲೋಟ ಉರುಳಿತು. ನನ್ನ ಹೆಂಡತಿ ಲೋಟ ಎತ್ತಿಟ್ಟು, ಮೇಜು ಒರೆಸಿ, ತಣ್ಣಗೆ ಹೇಳಿದಳು: "ಮೊದಲು ತಾರಸಿ ಮೇಲಿರೋ ಬಟ್ಟೆ ಇಳಿಸ್ಕೊಂಡು ಬನ್ನಿ."

ಮಹಾಪುರುಷರಿಗೆ ಮನೆಯಲ್ಲಿ ಸಿಗುವ ಪ್ರೋತ್ಸಾಹ ಇಷ್ಟೇ. ಹೋದೆ. ಆವೇಶದಲ್ಲಿ ಚಪ್ಪಲಿ ಮರೆತೇ ಹೋದೆ. ಅದು ತಾರಸಿಯಲ್ಲ, ಕಾದ ಕಾವಲಿ! ಮೊದಲ ಹೆಜ್ಜೆಗೆ ಹಾರಿದೆ, ಮುಂದಿನದಕ್ಕೆ ಕುಣಿದೆ, ಆಮೇಲೆ ತಡೆಯಲಾರದೆ ಒಗೆದ ಬೆಡ್‌ಶೀಟನ್ನೇ ಕೆಳಗೆ ಹಾಸಿ ಅದರ ಮೇಲೆ ನಿಂತುಬಿಟ್ಟೆ. ಕೆಳಗೆ ತಂದಾಗ ಬೆಡ್‌ಶೀಟಿನ ಮೇಲೆ ನನ್ನ ಎರಡೂ ಪಾದಗಳ ಅಚ್ಚು ಸೊಗಸಾಗಿ ಮೂಡಿತ್ತು.

"ಏನ್ರೀ ಇದು?"

"ಇತಿಹಾಸ! ಹಸಿರು ಕ್ರಾಂತಿಯ ಮೊದಲ ಹೆಜ್ಜೆ!"

"ಹಾಗಿದ್ರೆ ಆ ಇತಿಹಾಸಾನ ನೀವೇ ಒಗೀರಿ."

ನನ್ನದು ಕನ್ನಡಕದ ಅಂಗಡಿ. ಜನರಿಗೆ ದೂರದ್ದು, ಹತ್ತಿರದ್ದು ಕಾಣುವಂತೆ ಮಾಡುವುದು ಕಸುಬು. ನನ್ನ ಹೆಂಡತಿ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನ್ ಎತ್ತುವವಳು. ಎಲ್ಲಿ ಪೈಪು ಒಡೆಯಿತು, ಎಲ್ಲಿ ಸೋರಿತು, ಎಲ್ಲಿ ನಲ್ಲಿ ಬರೀ ಗಾಳಿ ಬಿಟ್ಟಿತು ಎಂಬುದನ್ನೆಲ್ಲ ದಿನವಿಡೀ ಕೇಳಿ "ನಿಮ್ಮ ದೂರು ದಾಖಲಾಗಿದೆ" ಎನ್ನುವುದು ಅವಳ ಕೆಲಸ. "ನಮ್ಮ ಸಂಸಾರದಲ್ಲಿ ದೂರದೃಷ್ಟಿ ನನ್ನದು, ದೂರುದೃಷ್ಟಿ ಅವಳದು" ಎಂದು ನಾನು ಬಂದವರ ಮುಂದೆಲ್ಲ ಹೇಳುತ್ತಿದ್ದೆ. ಈ ಹಳಸಲು ಮಾತಿಗೆ ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಒಬ್ಬರೇ, ಅವಳಪ್ಪ, ನನ್ನ ಮಾವ. ಈಗ ಆ ಮಾತು ಹೇಳುವುದನ್ನು ಬಿಟ್ಟಿದ್ದೇನೆ. ನಗುವವರಿಲ್ಲ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಅವರು ಬಸ್ಸು ಬಿಟ್ಟರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಯಾರಾದರೂ ಮನೆಗೆ ಬಂದರೆ, "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ, ಒಳಗೆ ಜಾಗ ಇದೆ!" ಎನ್ನುವರು. ನಾನು ಅಂಗಡಿಗೆ ಹೊರಟರೆ ಕಿಟಕಿಯಿಂದ "ರೈಟ್, ರೈಟ್!" ಎಂದು ಕೂಗುವರು. ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದರು. ನನಗೋ ಡೀಸೆಲ್ ತುಂಬಿಸಿಕೊಂಡಷ್ಟು ಹುರುಪು!

ನಮ್ಮದು ಮೂರಂತಸ್ತಿನ ಹಳೇ ಕಟ್ಟಡ. ನೆಲಮಹಡಿಯಲ್ಲಿ ಟೈಲರ್. ಮುಂದೆ ಅವನ ಅಂಗಡಿ, ಹಿಂದೆ ತಗಡಿನ ಮಾಡಿನ ಮನೆ, ಅಲ್ಲಿ ಅವನೂ ಕಿವಿ ಮಂದವಾದ ಅವನ ತಾಯಿಯೂ ಇದ್ದಾರೆ. ನಡುವಿನ ಮಹಡಿಯಲ್ಲಿ ಕಟ್ಟಡದ ಕಾರ್ಯದರ್ಶಿ. ಅವರು ಪ್ರತಿ ಮಾತಿಗೂ "ನಿಯಮಾವಳಿ ಪ್ರಕಾರ" ಎಂದು ಒಗ್ಗರಣೆ ಹಾಕುವುದರಿಂದ ಎಲ್ಲರ ಬಾಯಲ್ಲೂ ಅವರು ನಿಯಮಾವಳಿಗಳು. ಮೇಲಿನ ಮಹಡಿಯಲ್ಲಿ ನಾವು. ನಮ್ಮ ಮೇಲೆ ತಾರಸಿ, ತಾರಸಿಯ ಮೇಲೆ ಸೂರ್ಯ.

ಮೊದಲು ನಮಗೂ ಸೂರ್ಯನಿಗೂ ನಡುವೆ ಒಂದು ಮರವಿತ್ತು. ಬೀದಿಯಂಚಿನ ಭಾರೀ ಮರ. ಅದರ ಒಂದು ಕೊಂಬೆ ಮಾವನ ಕೋಣೆಗೆ ಕೊಡೆ ಹಿಡಿದ ಹಾಗೆ ಚಾಚಿಕೊಂಡಿತ್ತು. ರಸ್ತೆ ಅಗಲ ಮಾಡಲು ಅದನ್ನು ಕಡಿದರು. ರಸ್ತೆಯ ಜೊತೆ ಆಕಾಶವೂ ಅಗಲವಾಯಿತು. ಬಿಸಿಲು ಟಿಕೆಟ್ಟಿಲ್ಲದೆ ಒಳಗೆ ಬಂದು ಮಾವನ ಮಂಚದ ಮೇಲೇ ಕೂತಿತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಾನು ಅಂಗಡಿಯಲ್ಲಿ, ಅವಳು ಕಚೇರಿಯಲ್ಲಿ. ನೀರಿಲ್ಲ ಎಂಬ ದೂರುಗಳೇ ಪ್ರವಾಹದಂತೆ ಬರುತ್ತಿದ್ದ ದಿನ. ಅದರ ನಡುವೆಯೇ ಬಿಡುವು ಮಾಡಿಕೊಂಡು ಮನೆಗೆ ಫೋನ್ ಮಾಡಿದಳು.

"ಹೇಗಿದ್ದೀಯಪ್ಪಾ?"

"ನನಗೇನಮ್ಮಾ, ಆರಾಮಾಗಿದ್ದೀನಿ. ನೀನು ನಿನ್ನ ಕೆಲಸ ನೋಡು."

ಜೀವಮಾನವಿಡೀ ಬೇರೆಯವರಿಗೆ ಸೀಟು ತೋರಿಸಿ ತಾನು ನಿಂತೇ ಇದ್ದ ಮನುಷ್ಯ. ತನಗೆ ಆಗುತ್ತಿಲ್ಲ ಎಂದು ಹೇಳುವುದು ಅವರಿಗೆ ರೂಢಿಯೇ ಇರಲಿಲ್ಲ. ಸಂಜೆ ಅವಳು ಬಂದಾಗ ಕೋಣೆಯ ಗೋಡೆಗಳು ಇನ್ನೂ ಸುಡುತ್ತಿದ್ದವು, ಮಾವ ತಣ್ಣಗಾಗಿದ್ದರು. ಡಾಕ್ಟರು ಬಿಸಿಲಿನ ಹೊಡೆತ ಎಂದರು. ಮನೆಯೊಳಗೆ ಮಲಗಿದ್ದವರಿಗೆ!

ಅವಳು ಅಳಲಿಲ್ಲ. ಕೋಣೆಗೆ ಬೀಗ ಹಾಕಿ ಕೀ ತನ್ನ ಕೈಚೀಲಕ್ಕೆ ಸೇರಿಸಿದಳು. ಕೆಲಸಕ್ಕೆ ಹೋದಳು, ಬಂದಳು, ಅಡುಗೆ ಮಾಡಿದಳು. ಆದರೆ ಮನೆಯಲ್ಲಿ ಅವಳ ಮಾತು ದಿನದಿನಕ್ಕೂ ಬತ್ತುತ್ತ ಹೋಯಿತು. ಆ ಮೌನದ ಎದುರು ಕೂತು ತುತ್ತು ನುಂಗಲಾರದೇ ನಾನು ಮೇಜು ಗುದ್ದಿದ್ದು. ಅಳಲು ಬಾರದ ಗಂಡಸಿಗೆ ಕೊಚ್ಚಿಕೊಳ್ಳುವುದಾದರೂ ಬರುತ್ತದಲ್ಲ!

ಸರಿ, ಮಾವನ ಕೋಣೆಯ ನೆತ್ತಿಯ ಮೇಲೇ ತೋಟ ಎಂದು ತೀರ್ಮಾನಿಸಿದೆ. ಕುಂಡಗಳಲ್ಲಿ ಗಿಡ ಬೆಳೆಸಲು ನಾನೇನು ಸಾಮಾನ್ಯನೇ? ಹೊಲವನ್ನೇ ಮಾಡಲು ಹೊರಟೆ! ಸುತ್ತ ಇಟ್ಟಿಗೆ ಜೋಡಿಸಿದೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಬೇರುಗಳು ಉಸಿರಾಡಲಿ ಎಂಬ ಕರುಣೆಯಿಂದ ಆ ಹಾಳೆಗೆ ನಾನೇ ಮೊಳೆಯಿಂದ ತೂತು ಹೊಡೆದೆ. ಟೈಲರನನ್ನು ಜೊತೆಗೆ ಕರೆದುಕೊಂಡು ಮಣ್ಣು ಹೊರತೊಡಗಿದೆ. ನಡುಮಹಡಿಯ ತಿರುವಿನಲ್ಲಿ ನಿಯಮಾವಳಿಗಳು ಅಡ್ಡ ನಿಂತರು.

"ಏನ್ರೀ ಇದು, ಮೆಟ್ಟಿಲ ತುಂಬಾ ಮಣ್ಣು?"

"ಭೂಮಿತಾಯಿ ಮೇಲಕ್ಕೆ ಹೋಗ್ತಿದ್ದಾಳೆ ಸಾರ್!"

"ನಿಯಮಾವಳಿ ಪ್ರಕಾರ ಭೂಮಿ ಕೆಳಗಿರಬೇಕು!"

"ನಿಯಮಾವಳಿ ಪ್ರಕಾರ ಎದುರುಗಡೆ ಮರಾನೂ ಇರಬೇಕಾಗಿತ್ತು ಸಾರ್."

ಅವರು ಆ ಖಾಲಿ ಜಾಗದ ಕಡೆ ನೋಡಿದರು. ಮಾವ ಅವರ ಕೇರಂ ಜೊತೆಗಾರರು. ಬದಿಗೆ ಸರಿದು ದಾರಿ ಬಿಟ್ಟರು.

ಮಣ್ಣು ಕೊಚ್ಚಿಕೊಂಡು ಹೋಗದಿರಲಿ ಎಂದು ತಾರಸಿಯ ನೀರು ಹೋಗುವ ಕೊಳವೆಯ ಬಾಯಿಗೆ ಒಂದು ಹಂಚು ಮುಚ್ಚಿ, ಸುತ್ತ ಗೋಣಿಚೀಲ ತುರುಕಿದೆ. ಬಟ್ಟೆ ಹರವಲು ಬಂದ ಹೆಂಡತಿ ಅದನ್ನು ನೋಡಿದಳು.

"ಮಳೆ ಬಂದ್ರೆ ನೀರು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ! ಗಿಡಗಳೇ ಕುಡೀತಾವೆ!"

"ಎಲ್ಲಾನೂ?"

"ಒಂದು ತೊಟ್ಟೂ ಬಿಡದ ಹಾಗೆ!"

"'ಒಂದು ತೊಟ್ಟೂ ಇಲ್ಲ' ಅನ್ನೋ ಮಾತು ನಾನು ದಿನಾ ಫೋನಲ್ಲಿ ಕೇಳ್ತೀನಿ ರೀ. ಆದ್ರೆ ಅವರೆಲ್ಲ ಅಳ್ತಾ ಹೇಳ್ತಾರೆ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೀಜ ಬಿತ್ತಿದೆ, ನೀರು ಹನಿಸಿದೆ. ಕುಂಬಳದ ಬಳ್ಳಿ ಸರಸರನೆ ಹಬ್ಬಿತು, ಬದನೆ ಚಿಗುರಿತು, ಟೊಮೆಟೊ ಮೊಣಕಾಲೆತ್ತರ ಬಂತು. ನನ್ನ ತಲೆಯೂ ಅಷ್ಟೇ ಎತ್ತರಕ್ಕೆ ಹೋಯಿತು. ಇದಕ್ಕೆ ಚಾವಣಿ ಚಳವಳಿ ಎಂದು ನಾಮಕರಣ ಮಾಡಿದೆ. ಕಣ್ಣು ಪರೀಕ್ಷೆಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ತಾರಸಿ ತೋಟದಿಂದ ಬೀದಿ ಹೇಗೆ ತಂಪಾಗುತ್ತದೆ ಎಂದು ಭಾಷಣ ಬಿಗಿಯುತ್ತಿದ್ದೆ. ಒಬ್ಬ ಹಿರಿಯರು ಪೂರ್ತಿ ಭಾಷಣವನ್ನು ಒಂದೇ ಕಣ್ಣಲ್ಲಿ ಕೇಳಿ, "ಇನ್ನೊಂದು ಕಣ್ಣು ತೆಗೀಬಹುದಾ?" ಎಂದು ಕೇಳಿದರು. ತಾರಸಿಯಂಚಿನಲ್ಲಿ ನಿಂತು ಕೆಳಗೆ ಹೋಗುವವರಿಗೆಲ್ಲ ಬೆಳೆ ವರದಿ ಒಪ್ಪಿಸುತ್ತಿದ್ದೆ. ಟೈಲರನ ತಾಯಿ ಒಂದು ದಿನ ಅಂಗಳದಿಂದ ಕತ್ತೆತ್ತಿ ಕೇಳಿದರು.

"ಏನಪ್ಪಾ ಹಾಕಿದ್ದೀಯ ಅಲ್ಲಿ?"

"ಕುಂಬಳ!"

"ಕಂಬಳಿನಾ? ಈ ಸೆಕೇಲಿ?"

ನನ್ನ ಹೆಂಡತಿ ಕಿಟಕಿಯ ಬಳಿ ನಿಂತಿದ್ದಳು. ತುಟಿಯ ಅಂಚು ಒಂದಿಷ್ಟು ಅಲುಗಿತು. ನಗುವೇ ಬಂತೆಂದು ನಾನು ಓಡೋಡಿ ಕೆಳಗಿಳಿದು ಬಂದೆ. ಅಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿಯಾಗಿತ್ತು.

ಮೊದಲ ದೊಡ್ಡ ಮಳೆ ಬಂದದ್ದು ನನ್ನ ಅಂಗಡಿಗೆ ರಜೆ ಇದ್ದ ದಿನ. ನಾನು ಕೊಡೆಯಿಲ್ಲದೆ ತಾರಸಿಗೆ ಓಡಿ, ಎರಡೂ ಕೈ ಚಾಚಿ, "ಬಾ!" ಎಂದೆ. ಬಂತು! ನಾನು ಕರೆದದ್ದಕ್ಕಿಂತ ಬಹಳ ಹೆಚ್ಚೇ ಬಂತು. ಗಿಡಗಳು ತಮ್ಮ ಪಾಲಿನ ನೀರು ಕುಡಿದು, ಇನ್ನು ಸಾಕು ಎಂದು ತಲೆ ಬಾಗಿಸಿದವು. ಹೊಲ ಗದ್ದೆಯಾಯಿತು, ಗದ್ದೆ ಕೆರೆಯಾಯಿತು. ಕುಂಬಳದ ಹೂವುಗಳು ತೇಲಿದವು, ನನ್ನ ಚಪ್ಪಲಿಗಳು ಅವುಗಳ ಹಿಂದೆ ಮೆರವಣಿಗೆ ಹೊರಟವು. ಕೊಳವೆಯ ಬಾಯಿ ಹುಡುಕಲು ಕೆಸರಿಗೆ ತೋಳಿನವರೆಗೆ ಕೈ ಹಾಕಿದೆ. ಅಲ್ಲೆಲ್ಲೋ ಮುಚ್ಚಿದ್ದ ಹಂಚು ಕೈಗೆ ಸಿಗಲಿಲ್ಲ. ಸ್ವಂತ ತೋಟದಲ್ಲಿ ಸ್ವಂತ ಜಾಣತನವನ್ನು ತಡಕಾಡುತ್ತಿದ್ದೆ!

ಸೋತು ಕೆಳಗೆ ಬಂದೆ. ಮಾವನ ಕೋಣೆಯ ಮುಚ್ಚಿದ ಬಾಗಿಲಿನ ಅಡಿಯಿಂದ ಕೆಂಪು ನೀರು ಹರಿದು ಬರುತ್ತಿತ್ತು.

ಕೀ ಅವಳ ಕೈಚೀಲದಲ್ಲಿತ್ತು. ಕೆಲಸದ ವೇಳೆ ಅವಳ ಮೊಬೈಲು ಬಂದ್. ಬೇರೆ ದಾರಿಯಿಲ್ಲದೆ ದೂರು ವಿಭಾಗದ ನಂಬರಿಗೇ ಫೋನ್ ಹಚ್ಚಿದೆ. ನನ್ನ ಕರೆ ಅವರಿಗೆ ಅಮೂಲ್ಯವೆಂದು ಒಂದು ಯಂತ್ರ ಬಹಳ ಹೊತ್ತು ಹೇಳಿತು. ಆಮೇಲೆ ಗರಗರ ಸದ್ದಿನ ನಡುವೆ ಅವಳ ಧ್ವನಿ ಕೇಳಿತು. ಮಳೆಯ ಆರ್ಭಟದಲ್ಲಿ ನನ್ನ ದನಿ ಅವಳಿಗೆ ಗುರುತಾಗಲಿಲ್ಲ.

"ನಮಸ್ಕಾರ, ದೂರು ವಿಭಾಗ. ಏನು ತೊಂದರೆ ಸರ್?"

ಮದುವೆಯಾದಾಗಿನಿಂದ ಅವಳು ನನ್ನನ್ನು ಸರ್ ಎಂದದ್ದು ಅದೇ ಮೊದಲು!

"ಸೋರ್ತಾ ಇದೆ ಮೇಡಂ" ಎಂದೆ. ಗಾಬರಿಯಲ್ಲಿ ನನ್ನ ಬಾಯಿಗೂ ಮೇಡಂ ಬಂತು.

"ಬೀದಿ ಪೈಪಾ, ಮನೆ ಒಳಗಾ?"

"ಮನೆ ಒಳಗೆ."

"ಮನೆ ಒಳಗಿನದು ನಮಗೆ ಬರಲ್ಲ ಸರ್, ಪ್ಲಂಬರ್‌ನ ಕರೆಸಿ. ಎಲ್ಲಿ ಸೋರ್ತಿದೆ, ಅಡುಗೆಮನೆಲಾ, ಬಚ್ಚಲಲ್ಲಾ?"

"ಮಾವನ ಕೋಣೆಲಿ" ಎಂದೆ.

ಅವಳ ಪಕ್ಕದಲ್ಲಿ ಬೇರೆ ಫೋನುಗಳು ಬಡಿದುಕೊಳ್ಳುತ್ತಿದ್ದವು. ಯಾರೋ ಯಾರಿಗೋ "ನಿಮ್ಮ ದೂರು ದಾಖಲಾಗಿದೆ" ಎನ್ನುತ್ತಿದ್ದರು.

"ಬಾಗಿಲು ಒಡೀಬೇಡಿ" ಎಂದಳು ಕೊನೆಗೆ. "ಬರ್ತೀನಿ."

ತೊಯ್ದು ತೊಪ್ಪೆಯಾಗಿ ಬಂದಳು. ಕೈಚೀಲ ತಡಕಿ ಕೀ ಹುಡುಕಿ ಬೀಗಕ್ಕೆ ಹಾಕಿದಳು. ನಾನು ತೆಗೆಯಲು ಹೋದರೆ ಮೊಣಕೈಯಿಂದ ದೂಡಿದಳು. ಬಾಗಿಲು ತೆರೆಯಿತು. ಚಾವಣಿಯ ಗಾರೆ ಉದುರಿ ಮಂಚದ ಮೇಲೆ ಬಿದ್ದಿತ್ತು. ನನ್ನ ತೋಟ ತೊಟ್ಟುತೊಟ್ಟಾಗಿ ಮಾವನ ಹಾಸಿಗೆಗೆ ಇಳಿಯುತ್ತಿತ್ತು. ಗೂಟಕ್ಕೆ ನೇತುಹಾಕಿದ್ದ ಅವರ ಅಂಗಿಯ ತೋಳಿನಿಂದ ಕೆಸರು ನೀರು ಸೋರುತ್ತಿತ್ತು. ಸೂರು ಸೋರಿದರೆ ಸರಿಪಡಿಸಬಹುದು. ಆ ಅಂಗಿಯನ್ನು ನೋಡುತ್ತ ನಿಂತ ಅವಳ ಮುಖವನ್ನು ಹೇಗೆ ಸರಿಪಡಿಸುವುದು?

"ನೋಡು, ನಾನು..." ಎಂದೆ.

"ಬಕೆಟ್ ತನ್ನಿ" ಎಂದಳು.

ಅಷ್ಟರಲ್ಲಿ ನಿಯಮಾವಳಿಗಳು ಕೆಂಡದಂತಾಗಿ ಮೆಟ್ಟಿಲು ಹತ್ತಿ ಬಂದರು. ನನ್ನ ತೋಟ ಅವರ ಗೋಡೆಯವರೆಗೂ ಬೇರು ಬಿಟ್ಟಿತ್ತು. "ಏನ್ರೀ! ನಿಯಮಾವಳಿ ಪ್ರಕಾರ..." ಎಂದವರು ಬಾಗಿಲಲ್ಲಿ ನಿಂತರು. ಅವಳು ಒದ್ದೆ ಹಾಸಿಗೆಯನ್ನು ಒಬ್ಬಳೇ ಎದೆಗವಚಿ ಎಳೆಯುತ್ತಿದ್ದಳು. ಅವರು ಪ್ಯಾಂಟು ಮಡಚಿಕೊಂಡು ಸೀದಾ ತಾರಸಿಗೆ ಹೋಗಿ, ಕೆಸರಿನಲ್ಲಿ ಮಂಡಿಯೂರಿ, ಕೈಯಾಡಿಸಿ ಆ ಹಂಚನ್ನು ಕಿತ್ತೆಸೆದರು. ಕೊಳವೆ ಗಳಗಳ ಎಂದು ಬಾಯಿಬಿಟ್ಟಿತು.

ಆದರೆ ಕೋಣೆಯಲ್ಲಿ ನಿಂತ ನೀರು? ಟೈಲರ್ ಬಂದ. ಎದುರು ಕಟ್ಟಡದ ರಾತ್ರಿ ಕಾವಲುಗಾರ ಹಗಲಿನ ನಿದ್ದೆ ಬಿಟ್ಟು ಬಂದ. ಬಕೆಟ್ಟುಗಳ ಸಾಲು ಮೆಟ್ಟಿಲುದ್ದಕ್ಕೂ ನಿಂತಿತು. ನಾನು ಕೊಟ್ಟ ಬಕೆಟ್ಟನ್ನು ಟೈಲರ್ ಹಿಡಿಯಲಿಲ್ಲ, ಟೈಲರ್ ಹಿಡಿದಿದ್ದಾನೆಂದು ನಾನು ಬಿಟ್ಟೆ, ಅದು ಆಗ ತಾನೇ ನಮ್ಮನ್ನು ದಾಟಿ ಕೆಳಗಿಳಿಯುತ್ತಿದ್ದ ನಿಯಮಾವಳಿಗಳ ತಲೆಗೆ ಅಭಿಷೇಕವಾಯಿತು. ಅವರು ನನ್ನನ್ನು ಬೈದರು, ನಾನು ಟೈಲರನನ್ನು ಬೈದೆ, ಟೈಲರ್ ಬಕೆಟ್ಟನ್ನು ಬೈದ. ಸಾಲು ನಿಂತೇಹೋಯಿತು. ಎಲ್ಲರೂ ಕೋಣೆಯ ಬಾಗಿಲಲ್ಲಿ ಗುಂಪುಗಟ್ಟಿದೆವು.

"ಬಾಗಿಲಲ್ಲಿ ನಿಲ್ಲಬೇಡಿ!" ಎಂದು ನನ್ನ ಹೆಂಡತಿ ಒಳಗಿನಿಂದ ಗುಡುಗಿದಳು. "ಒಳಗೆ ಬನ್ನಿ, ಒಳಗೆ ಜಾಗ ಇದೆ!"

ಆಡಿದ ಮೇಲೆ ಅವಳಿಗೇ ಕೇಳಿಸಿತು. ನಮಗೂ ಕೇಳಿಸಿತು. ದನಿ ಅವಳದು, ಮಾತು, ಆ ಗತ್ತು, ಆ ಎಳೆತ ಎಲ್ಲ ಮಾವನದು.

ಕೈಯಲ್ಲಿದ್ದ ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟಳು. ಒದ್ದೆ ಮಂಚದ ಅಂಚಿಗೆ ಕೂತಳು. ಗೂಟದ ಮೇಲಿನ ಅಂಗಿಯನ್ನು ಎಳೆದುಕೊಂಡು ಮುಖಕ್ಕೊತ್ತಿ ಅತ್ತಳು. ಇಷ್ಟು ದಿನ ಎಲ್ಲಿ ಕಟ್ಟಿಹಾಕಿಕೊಂಡಿದ್ದಳೋ, ಎಲ್ಲ ಒಟ್ಟಿಗೆ ಬಂತು. "ಇನ್ನೊಂದು ಸಲ ಫೋನ್ ಮಾಡೋಣ ಅಂದ್ಕೊಂಡೆ ರೀ... ಲೈನು ಬಿಡುವೇ ಇರಲಿಲ್ಲ... ಆರಾಮಾಗಿದ್ದೀನಿ ಅಂದ್ರು ರೀ..." ಎಂದಳು. ನಾನು ಪಕ್ಕದಲ್ಲಿ ಕೂತೆ. ನಿಯಮಾವಳಿಗಳು ತಲೆಯಿಂದ ಇಳಿಯುತ್ತಿದ್ದ ನೀರನ್ನು ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡರು.

ಕೆಳಗಿನಿಂದ ಟೈಲರನ ತಾಯಿ ಕೂಗಿದರು: "ಯಾಕ್ರೋ ನಿಂತುಬಿಟ್ರಿ? ಖಾಲಿ ಆಯ್ತಾ?"

"ಇನ್ನೂ ಇಲ್ಲಮ್ಮಾ!" ಎಂದ ಟೈಲರ್, ಮೂಗು ಏರಿಸಿಕೊಳ್ಳುತ್ತ. ಮತ್ತೆ ಬಕೆಟ್ಟುಗಳು ನಡೆದವು.

ಮಾಡಿದ್ದುಣ್ಣೋ ಮಹಾರಾಯ ಎನ್ನುವಂತೆ, ಮೇಲೆ ಹೊತ್ತ ಮಣ್ಣನ್ನೆಲ್ಲ ಮುಂದಿನ ವಾರಗಳಲ್ಲಿ ನಾನೇ ಕೆಳಗೆ ಹೊತ್ತೆ. ಅದು ಹೊಸ ರಸ್ತೆಯಂಚಿಗೆ ಉಳಿದಿದ್ದ ಹಳೇ ಮರದ ಬುಡದ ಗುಂಡಿ ಸೇರಿತು. ಟೈಲರ್ ಅಲ್ಲೊಂದು ಸಸಿ ನೆಟ್ಟ. ತಾರಸಿ ನೋಡಲು ಬಂದ ಇಂಜಿನಿಯರಮ್ಮ, ಮಣ್ಣನ್ನು ನೆಲಕ್ಕೆ ಸುರಿಯಬಾರದು, ಮೊದಲು ನೀರಿಳಿಯದಂತೆ ಲೇಪ ಕೊಡಿಸಿ, ಆಮೇಲೆ ಕಾಲುಗಳ ಮೇಲೆ ಎತ್ತರಿಸಿದ ತಟ್ಟೆಗಳಲ್ಲಿ ಹಗುರ ಗೊಬ್ಬರ ತುಂಬಿ ಬೆಳೆಸಿ ಎಂದರು. ಪ್ಲಾಸ್ಟಿಕ್ ಹಾಳೆಯ ತೂತುಗಳನ್ನು ನೋಡಿ, "ಇಲಿ ಕಾಟ ಇದೆಯಾ?" ಎಂದು ಕೇಳಿದರು. ಹೌದೆಂದೆ.

ಕಟ್ಟಡದ ಸಭೆ ಸೇರಿತು. ತೋಟಕ್ಕೆ ಗಲ್ಲು ಶಿಕ್ಷೆಯೇ ಖಾತ್ರಿ ಎಂದುಕೊಂಡು ತಲೆ ತಗ್ಗಿಸಿ ಕೂತಿದ್ದೆ. ನಿಯಮಾವಳಿಗಳು ಗಂಟಲು ಸರಿಮಾಡಿಕೊಂಡರು.

"ತಾರಸಿ ಮೇಲೆ ತೋಟ ಇರಬಾರದು ಅಂತ ನಿಯಮಾವಳಿಯಲ್ಲಿ ಎಲ್ಲೂ ಇಲ್ಲ. ಇವರು ಅದರ ಉಸ್ತುವಾರಿಯಲ್ಲಿ ಇರಬಾರದು ಅನ್ನೋದನ್ನ ಮಾತ್ರ ಹೊಸದಾಗಿ ಸೇರಿಸೋಣ."

ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ನನ್ನ ಹೆಂಡತಿ ಎರಡೂ ಕೈ ಎತ್ತಿದ್ದಳು!

ಚಳಿ ಕಳೆಯುವ ಹೊತ್ತಿಗೆ ಹೊಸ ತೋಟ ಎದ್ದಿತು. ಟೈಲರ್ ಅಳತೆ ಹಿಡಿದು ಹಂದರ ಕಟ್ಟಿದ. ನಿಯಮಾವಳಿಗಳು ದಿನಾ ಬೆಳಗ್ಗೆ ಕೊಳವೆಯ ಬಾಯಿ ತಪಾಸಣೆ ಮಾಡಿದರು. ನನಗೆ ನೀರು ಹಾಕುವ ಅಧಿಕಾರ ಮಾತ್ರ ಇತ್ತು, ಅದೂ ಯಾರಾದರೂ ಎದುರಿಗಿದ್ದಾಗ. ಬೇಸಿಗೆ ಬರುವಷ್ಟರಲ್ಲಿ ಬಳ್ಳಿಗಳು ಮಾವನ ಕೋಣೆಯ ಮೇಲೆಲ್ಲ ದಟ್ಟವಾಗಿ ಹಬ್ಬಿಕೊಂಡಿದ್ದವು. ಎದುರು ಕಟ್ಟಡದವರೂ ಬಂದು ನೋಡಿ, ತಮ್ಮ ತಾರಸಿಗೆ ಲೇಪ ಕೊಡಿಸಿದರು.

ನನ್ನ ಹೆಂಡತಿ ಕಚೇರಿಯಲ್ಲಿ ಕೇಳಿಕೊಂಡು ಬೆಳಗಿನ ಪಾಳಿಗೆ ಬದಲಾದಳು, ಮಧ್ಯಾಹ್ನ ಮನೆಯಲ್ಲಿರಲು. ಒಂದು ದಿನ ಟೈಲರನ ತಾಯಿಯ ಕೈ ಹಿಡಿದು ಮೆಲ್ಲಗೆ ಮೆಟ್ಟಿಲು ಹತ್ತಿಸಿಕೊಂಡು ಬಂದಳು. "ಆ ತಗಡಿನ ಕೆಳಗೆ ಬೇಯಬೇಡಿ. ಬಿಸಿಲು ಇಳಿಯೋ ತನಕ ಇಲ್ಲೇ ಮಲಗಿ" ಎಂದಳು. ಆಮೇಲೆ ಕಾವಲುಗಾರನನ್ನೂ ಕರೆದಳು. ಹಗಲು ಮಲಗುವವನಿಗೆ ತಂಪಾದ ಜಾಗ ಬೇಕಲ್ಲ. ಹೀಗೆ ಬೀಗ ಹಾಕಿದ್ದ ಕೋಣೆಗೆ ಹೊಸ ಪ್ರಯಾಣಿಕರು ಬಂದರು.

ಬೇಸಿಗೆ ನೆತ್ತಿಗೇರಿದ ಒಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ನಾನು ಅಂಗಡಿ ಮುಚ್ಚಿ ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದೆ. ಕೋಣೆಯಲ್ಲಿ ಮಂದ ಬೆಳಕು. ಮಂಚದ ಮೇಲೆ ಟೈಲರನ ತಾಯಿ, ಕೆಳಗೆ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದ ಕಾವಲುಗಾರ, ಗೋಡೆಗೆ ಒರಗಿ ಕೂತ ನನ್ನ ಹೆಂಡತಿ. ಹೊರಗೆ ಬೀದಿ ಕುದಿಯುತ್ತಿತ್ತು, ಒಳಗೆ ಉಸಿರು ಹಗುರಾಗಿ ಆಡುತ್ತಿತ್ತು. ಒಂದು ಒಳ್ಳೆಯ ಮಾತಿಗಾಗಿ ನಾನು ಎಷ್ಟು ದಿನದಿಂದ ಕಾದಿದ್ದೆ! ಉಸ್ತುವಾರಿ ಯಾರದ್ದಾದರೇನು, ಮೊದಲು ಹೊಳೆದದ್ದು ನನಗೆ ತಾನೇ?

"ಹೇಗಿದೆ ಕೋಣೆ?" ಎಂದು ಪಿಸುಗುಟ್ಟಿದೆ.

ಅವಳು ಗೋಡೆಗೆ ಅಂಗೈ ಒತ್ತಿ ನೋಡಿದಳು. ಬಹಳ ಹೊತ್ತು ತೆಗೆಯಲೇ ಇಲ್ಲ.

"ತಂಪಾಗಿದೆ ರೀ" ಎಂದಳು.

ನನ್ನ ಎದೆ ಉಬ್ಬಿತು. ಹೇಳಬೇಕಾದ ದೊಡ್ಡ ಮಾತುಗಳೆಲ್ಲ ಸಾಲಾಗಿ ನಿಂತವು. ಬಾಯಿ ತೆರೆದೆ.

"ಒಂದು ಬೇಸಿಗೆ ತಡವಾಯ್ತು, ಅಷ್ಟೇ" ಎಂದಳು ಅವಳು.

ಮಂಚದ ಮೇಲಿನ ಮುದುಕಿ ಕಣ್ಣು ಬಿಟ್ಟರು. "ಏನಂತೆ? ಏನು ತಡವಾಯ್ತಂತೆ?"

"ಏನಿಲ್ಲಮ್ಮಾ" ಎಂದು ಅವಳು ಎದ್ದು ಹೂಜಿಯಿಂದ ನೀರು ಬಗ್ಗಿಸಿದಳು. "ಏಳಿ, ಒಂದು ಲೋಟ ನೀರು ಕುಡೀರಿ."

ನನ್ನ ಕೈಗೂ ಒಂದು ಲೋಟ ಕೊಟ್ಟಳು. ಬಾಯಿ ಹೇಗೂ ತೆರೆದೇ ಇತ್ತು. ಸುಮ್ಮನೆ ಕುಡಿದೆ.